ಬೀವರ್ ಮನೆಯ ಬಾಗಿಲು ನೀರಿನೊಳಗೆ

ಬೀವರ್ ಕಟ್ಟೆ ಕಟ್ಟುವ ಪ್ರಾಣಿ ಎಂಬುದು ಎಲ್ಲರಿಗೂ ತಿಳಿದಿದೆ. ಆದರೆ ಅದು ವಾಸಿಸುವುದು ಕಟ್ಟೆಯಲ್ಲಲ್ಲ. ಅದರ ಮನೆಯೇ ಬೇರೆ. ಹಾಗಾದರೆ ಅಷ್ಟು ಶ್ರಮಪಟ್ಟು ಕಟ್ಟೆಯನ್ನೇಕೆ ಕಟ್ಟುತ್ತದೆ?

ಬೀವರ್ ಇಲಿ, ಅಳಿಲುಗಳಂತೆ ದಂಶಕಗಳ ಗುಂಪಿಗೆ ಸೇರಿದ ಸಸ್ತನಿ. ಇದರಲ್ಲಿ ಎರಡು ಪ್ರಭೇದಗಳಿವೆ. ಒಂದು ಉತ್ತರ ಅಮೆರಿಕದ್ದು, ಇನ್ನೊಂದು ಯೂರೋಪ್ ಮತ್ತು ಏಷ್ಯಾದ್ದು. ನೀರಿನಲ್ಲಿ ಬಲು ಚುರುಕಾದ ಬೀವರ್ ನೆಲದ ಮೇಲೆ ನಿಧಾನಿ. ತೋಳ, ಕರಡಿಗಳಿಗೆ ಸುಲಭದ ತುತ್ತು. ಆದ್ದರಿಂದ ಅದರ ಮನೆಯ ಬಾಗಿಲು ಸದಾ ನೀರಿನೊಳಗಿರಬೇಕು. ತೊರೆಯ ನೀರು ಇಳಿದರೆ ಬಾಗಿಲು ಬಯಲಾಗುತ್ತದೆ. ಆಳ ಸಾಲದಿದ್ದರೆ ಚಳಿಗಾಲದಲ್ಲಿ ನೀರು ತಳದವರೆಗೂ ಹೆಪ್ಪುಗಟ್ಟಿ ಬಾಗಿಲು ಮುಚ್ಚಿಹೋಗುತ್ತದೆ. ನೀರಿನ ಮಟ್ಟವನ್ನು ಕಾಯುವುದೇ ಕಟ್ಟೆಯ ಕೆಲಸ. ಆಳವಾದ ಸರೋವರ ಅಥವಾ ದೊಡ್ಡ ನದಿಯಲ್ಲಿ ನೆಲೆಸಿದ ಬೀವರ್‌ಗಳಿಗೆ ಸಾಮಾನ್ಯವಾಗಿ ಕಟ್ಟೆಯ ಅಗತ್ಯವೇ ಬೀಳುವುದಿಲ್ಲ.

ಮರ ಕಡಿಯಲು ಬೀವರ್‌ಗೆ ಹಲ್ಲೇ ಉಳಿ. ಬಾಚಿಹಲ್ಲಿನ ಮುಂಭಾಗದ ಎನಾಮಲ್‌ನಲ್ಲಿ ಕಬ್ಬಿಣದ ಅಂಶವಿರುವುದರಿಂದ ಅದು ಕಿತ್ತಳೆ ಬಣ್ಣದ್ದು, ಗಡುಸಾದದ್ದು. ಹಿಂಭಾಗ ಮೆದುವಾಗಿದ್ದು ಬೇಗ ಸವೆಯುತ್ತದೆ. ಹೀಗಾಗಿ ಕಡಿದಷ್ಟೂ ಅಂಚು ಹರಿತವಾಗಿಯೇ ಉಳಿಯುತ್ತದೆ. ಕಡಿದ ಕೊಂಬೆಗಳನ್ನು ತೊರೆಗೆ ಅಡ್ಡಲಾಗಿ ಹೆಣೆದು, ಸಂದುಗಳಿಗೆ ಕಲ್ಲು ಕೆಸರು ತುಂಬಿದರೆ ಕಟ್ಟೆ ಸಿದ್ಧ. ಬೀವರ್ ಕೆಸರನ್ನು ಬಾಲದಿಂದ ಮೆತ್ತುತ್ತದೆ ಎಂಬುದು ತಪ್ಪು ಕಲ್ಪನೆ. ಕೆಸರನ್ನು ಮುಂಗಾಲುಗಳಿಂದ ಎದೆಗೆ ಅವಚಿಕೊಂಡು ತರುತ್ತದೆ. ಬಾಲವು ಈಜುವಾಗ ಚುಕ್ಕಾಣಿ, ಮರ ಕಡಿಯುವಾಗ ಊರುಗೋಲು. ಅಪಾಯ ಕಂಡಾಗ ನೀರನ್ನು ಬಡಿದು ಬಳಗವನ್ನು ಎಚ್ಚರಿಸುವ ಸಾಧನ.

ಇನ್ನು ಮನೆ. ಕೊಂಬೆ ಕೆಸರುಗಳ ದೊಡ್ಡ ಗುಡ್ಡೆಯನ್ನು ನೀರಿನಲ್ಲಿ ಪೇರಿಸಿ, ಬೀವರ್ ಅಡಿಯಿಂದ ಮೇಲಕ್ಕೆ ಕಡಿಯುತ್ತಾ ಒಳಗೆ ಕೋಣೆ ಮಾಡುತ್ತದೆ. ಕೋಣೆಯ ನೆಲ ನೀರಿನ ಮಟ್ಟಕ್ಕಿಂತ ತುಸು ಮೇಲಿರುತ್ತದೆ. ನೆತ್ತಿಯ ಭಾಗಕ್ಕೆ ಕೆಸರು ಕಡಿಮೆ, ಗಾಳಿಯಾಡುವುದು ಅಲ್ಲಿಂದಲೇ. ಚಳಿಗಾಲದಲ್ಲಿ ಗೋಡೆಯ ಕೆಸರು ಹೆಪ್ಪುಗಟ್ಟಿ ಕಲ್ಲಿನಂತಾಗುವುದರಿಂದ ತೋಳವೂ ಅದನ್ನು ಒಡೆಯಲಾರದು. ಬಾಗಿಲ ಬಳಿ ನೀರಿನಡಿ ಕೂಡಿಟ್ಟ ಕೊಂಬೆಗಳ ತೊಗಟೆಯೇ ಆಗಿನ ಆಹಾರ.

ಕಟ್ಟೆ ಎಲ್ಲಿ ಸೋರುತ್ತಿದೆ ಎಂದು ಬೀವರ್‌ಗೆ ತಿಳಿಯುವುದು ಹೇಗೆ? ಸ್ವೀಡನ್ನಿನ ಲಾರ್ಸ್ ವಿಲ್ಸನ್ 1960ರ ದಶಕದಲ್ಲಿ ಹರಿಯುವ ನೀರಿನ ಸದ್ದನ್ನು ಧ್ವನಿವರ್ಧಕದಲ್ಲಿ ಕೇಳಿಸಿದರು. ಅಲ್ಲಿ ನೀರೇ ಹರಿಯದಿದ್ದರೂ ಬೀವರ್‌ಗಳು ಆ ಸದ್ದಿನತ್ತ ಕೊಂಬೆ, ಕೆಸರು ತಂದು ಒಟ್ಟಿದವು! ಹಿರಿಯರನ್ನು ನೋಡಿ ಕಲಿಯುವ ಅವಕಾಶವೇ ಇಲ್ಲದ ಮರಿಗಳಿಗೂ ಕಟ್ಟುವುದು ಬರುತ್ತಿತ್ತು. ಅಂದರೆ ಇದು ಬಹುಮಟ್ಟಿಗೆ ಹುಟ್ಟರಿವು.

ಈ ತಿಳಿವು ಇಂದು ಉಪಯೋಗಕ್ಕೆ ಬಂದಿದೆ. ತುಪ್ಪಳಕ್ಕಾಗಿ ನಡೆದ ಬೇಟೆಯಿಂದ 20ನೆಯ ಶತಮಾನದ ಆರಂಭದಲ್ಲಿ ಯೂರೋಪ್-ಏಷ್ಯಾಗಳಲ್ಲಿ ಉಳಿದಿದ್ದ ಬೀವರ್‌ಗಳು ಸುಮಾರು 1200 ಮಾತ್ರ. ರಕ್ಷಣೆಯ ಫಲವಾಗಿ ಆ ಸಂಖ್ಯೆ ಈಗ 10 ಲಕ್ಷ ದಾಟಿದೆ. ಆದರೆ ಕಟ್ಟೆಯ ಹಿನ್ನೀರು ಹೊಲ, ರಸ್ತೆಗಳನ್ನು ಮುಳುಗಿಸುವುದೂ ಉಂಟು. ಕಟ್ಟೆ ಒಡೆದರೆ ಬೀವರ್ ಅದನ್ನು ಮತ್ತೆ ಕಟ್ಟುತ್ತದೆ. ಅದರ ಬದಲು ಕಟ್ಟೆಯ ಮೂಲಕ ಕೊಳವೆ ಹಾಯಿಸಿ, ಅದರ ಬಾಯನ್ನು ಕಟ್ಟೆಯಿಂದ ದೂರ, ನೀರಿನಡಿ, ಬಲೆಯೊಳಗೆ ಇಡುತ್ತಾರೆ. ಸದ್ದಿಲ್ಲದೆ ಒಳಸೇರುವ ನೀರನ್ನು ಬೀವರ್ ಗಮನಿಸುವುದಿಲ್ಲ. ಹೆಚ್ಚುವರಿ ನೀರು ಹೊರಹೋಗುತ್ತದೆ. ಬಾಗಿಲು ಮುಳುಗಿರುವಷ್ಟು ನೀರು ಉಳಿಯುತ್ತದೆ. ಹೊಲವೂ ಉಳಿಯಿತು, ಬೀವರ್ ಮನೆಯೂ ಉಳಿಯಿತು.