ಗಾಜಿಗೆ ನೀರು ಚಿಮ್ಮಿಸುವ ಪುಟ್ಟ ಮೋಟರ್

ಸುಗ್ಗಿಯ ದಿನಗಳಲ್ಲಿ ನಮ್ಮ ಗಂಡಸಿ ಸುತ್ತಮುತ್ತ ಕಾರು ಓಡಿಸುವುದೆಂದರೆ ಹೊಟ್ಟಿನ ನಡುವೆ ಓಡಿಸುವುದೇ. ರಾಗಿ, ಹುರುಳಿಯನ್ನು ರಸ್ತೆಯ ಮೇಲೇ ಹರಡಿರುತ್ತಾರೆ. ಮುಂದೆ ಹೋಗುವ ಲಾರಿಯ ಚಕ್ರ ಎಬ್ಬಿಸಿದ್ದೆಲ್ಲ ಹಿಂದಿನವರ ಗಾಜಿಗೆ ಬಂದು ಕೂರುತ್ತದೆ. ತಿಪಟೂರಿಗೆ ಕೊಬ್ಬರಿ ಹಾಕಿ ಸಂಜೆ ಹೊತ್ತಿಗೆ ಗಂಡಸಿ ಹ್ಯಾಂಡ್‌ಪೋಸ್ಟ್ ಕಡೆ ಹೊರಟರಂತೂ ಇಳಿಬಿಸಿಲು ನೇರ ಮುಖಕ್ಕೇ ಹೊಡೆಯುತ್ತದೆ. ಧೂಳು ಹಿಡಿದ ಗಾಜಿಗೆ ಆ ಬಿಸಿಲು ಬಿದ್ದ ಕೂಡಲೇ ಗಾಜು ಬೆಳ್ಳಗಾಗಿಬಿಡುತ್ತದೆ, ಎದುರಿಗೆ ಬರುವ ಬೈಕೂ ಕಾಣುವುದಿಲ್ಲ. ಆಗ ವೈಪರ್ ಲಿವರ್ ಎಳೆದರೆ ನೀರು ಚಿಮ್ಮಬೇಕು. ಚಿಮ್ಮದಿದ್ದರೆ ವೈಪರಿನ ಒಣ ರಬ್ಬರು ಆ ಧೂಳನ್ನೇ ಗಾಜಿಗೆ ತಿಕ್ಕುತ್ತದೆ. ಒಮ್ಮೆ ಬಿದ್ದ ಗೀರು ಮತ್ತೆ ಹೋಗುವುದಿಲ್ಲ. ರಾತ್ರಿ ಎದುರಿನ ಗಾಡಿಯ ದೀಪ ಬಿದ್ದಾಗ ಅದೇ ಗೀರು ಹೊಳೆದು ಕಣ್ಣು ಕುಕ್ಕುತ್ತದೆ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 100ನೆಯದು ಗಾಜಿಗೇ ಸಂಬಂಧಪಟ್ಟದ್ದು. ಮುಂದಿನ ಗಾಜಿನ ಮೂಲಕ ಶೇಕಡಾ 70ರಷ್ಟಾದರೂ ಬೆಳಕು ಹಾಯಬೇಕು ಎನ್ನುತ್ತದೆ ಅದು. ಕಪ್ಪು ಫಿಲ್ಮ್ ಅಂಟಿಸಿದವರನ್ನು ಪೊಲೀಸರು ಹಿಡಿದು ನಿಲ್ಲಿಸುತ್ತಾರೆ, ಸರಿಯೇ. ಧೂಳು ಹಿಡಿದ ಗಾಜಿನ ಹಿಂದೆ ಕೂತು ಓಡಿಸುವವರೂ ಅಷ್ಟೇ ಕುರುಡಾಗಿ ಓಡಿಸುತ್ತಿರುತ್ತಾರೆ, ಅವರನ್ನು ಕೇಳುವವರಿಲ್ಲ. ಕಾರಿನ ಬ್ರೇಕಿಗೆ ಕೊಡುವ ಗಮನವನ್ನೇ ಗಾಜು ತೊಳೆಯುವ ಈ ನೀರಿಗೂ ಕೊಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ತೆಂಗಿನ ತೋಟ ಇಟ್ಟುಕೊಂಡ ನಮ್ಮ ಕಡೆಯವರಿಗೆ ಆ ನೀರನ್ನು ಚಿಮ್ಮಿಸುವ ಪಂಪಿನ ಗುಟ್ಟು ಹೊಸದೇನಲ್ಲ. ಬೋರಿನೊಳಗೆ ಇಳಿಬಿಡುವ ಮೋಟರಿನ ಮರಿ ಇದು. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ ಇರುತ್ತದೆ, 12 ವೋಲ್ಟಿನ ಬ್ಯಾಟರಿಯಲ್ಲಿ ಓಡುತ್ತದೆ. ಒಳಗೊಂದು ಪುಟ್ಟ ಚಕ್ರ ತಿರುಗಿ ನೀರನ್ನು ಪೈಪಿಗೆ ತಳ್ಳುತ್ತದೆ. ನೀರಿಲ್ಲದೆ ಓಡಿಸಿದರೆ ಬೋರಿನ ಮೋಟರಿಗೆ ಏನಾಗುತ್ತದೋ ಇದಕ್ಕೂ ಅದೇ ಆಗುತ್ತದೆ, ಬಿಸಿಯಾಗಿ ಸೀಲು ಸುಡುತ್ತದೆ. ನೀರಿನ ಡಬ್ಬಿ ಖಾಲಿ ಎಂದು ಗೊತ್ತಿದ್ದೂ ಲಿವರ್ ಹಿಡಿದೇ ಇರುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹಿಂದೆ ಈ ಮೋಟರೇ ಇಲ್ಲದ ಕಾರುಗಳೂ ಇದ್ದವು. ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಸ್ಟೆಪ್ನಿ ಟೈರಿನ ಗಾಳಿಯ ಒತ್ತಡದಿಂದಲೇ ಗಾಜಿಗೆ ನೀರು ಚಿಮ್ಮುತ್ತಿತ್ತು.

ನೀರು ಬರದಿದ್ದ ಕೂಡಲೇ ಪಂಪು ಹೋಯಿತು ಎಂದುಕೊಳ್ಳುವವರೇ ಹೆಚ್ಚು. ಮೊನ್ನೆ ಅಣ್ಣನ ಮಗನೂ ಹಾಗೇ ಅಂದುಕೊಂಡು ನಮ್ಮ ಅಂಗಳಕ್ಕೆ ಕಾರು ತಂದು ನಿಲ್ಲಿಸಿದ. ಅವನನ್ನು ಬಾನೆಟ್ ಹತ್ತಿರ ನಿಲ್ಲಿಸಿ, ಇಂಜಿನ್ ಆನ್ ಮಾಡದೆ ಕೀ ಮಾತ್ರ ತಿರುಗಿಸಿ ಲಿವರ್ ಎಳೆದೆ.

"ಅತ್ತೆ, ಗುಂಯ್ ಅಂತೈತೆ, ನೀರ್ ಮಾತ್ರ ಬರ್ತಿಲ್ಲ."

"ಹಂಗಾದ್ರೆ ಮೋಟ್ರು ಚೆನ್ನಾಗೈತೆ ಕಣೋ. ಅಂಗಡಿಗೆ ಓಡಬ್ಯಾಡ, ಮೊದ್ಲು ಪೈಪ್ ಕಳಚು."

ಪೈಪು ಕಳಚಿ ಮತ್ತೆ ಲಿವರ್ ಎಳೆದರೆ ನೀರು ಭರ್ರನೆ ಬಂತು. ಕಟ್ಟಿಕೊಂಡಿದ್ದದ್ದು ಬಾನೆಟ್ ಮೇಲಿನ ನಾಜಲ್. ಅದರ ಸಣ್ಣ ತೂತಿನ ಸುತ್ತ ಸುಣ್ಣದಂಥ ಬಿಳಿ ಪೊರೆ ಗಟ್ಟಿಯಾಗಿ ಕೂತಿತ್ತು. ಬಟ್ಟೆಗೆ ನಿಂಬೆರಸ ಹಚ್ಚಿ ಅದರ ಮೇಲೆ ಸ್ವಲ್ಪ ಹೊತ್ತು ಇಟ್ಟು, ಸಣ್ಣ ಸೂಜಿಯಿಂದ ಬಿಡಿಸಿ ತೊಳೆದದ್ದಕ್ಕೆ ದಾರಿ ಬಿಟ್ಟಿತು.

ಆ ಬಿಳಿ ಪೊರೆ ನಮ್ಮ ಬೋರಿನ ನೀರಿನದು. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಸಿಗದಿದ್ದರೆ 600ರವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ. ಗೀಸರಿನ ಕಾಯಿಲಿಗೆ, ಬಿಸಿನೀರಿನ ಹಂಡೆಗೆ ಬಿಳಿ ಪದರ ಕಟ್ಟುವ ಊರುಗಳಲ್ಲಿ ನೀರು ಎಷ್ಟು ಗಡಸು ಎಂದು ಬೇರೆ ಹೇಳಬೇಕಿಲ್ಲ. ಬಿಸಿಲಿಗೆ ನಾಜಲಿನ ತುದಿಯ ಹನಿ ಆರಿಹೋದಾಗ ಅದರ ಸುಣ್ಣ ಅಲ್ಲೇ ಉಳಿಯುತ್ತದೆ. ಡಬ್ಬಿಯ ತಳದಲ್ಲಿ ಅದೇ ಪುಡಿ ಪಾಚಿಯ ಜೊತೆ ಸೇರಿ ಪಂಪಿನ ಬಾಯಿಯ ಜಾಲರಿಯನ್ನು ಮುಚ್ಚುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಹಿಡಿದು ತಂದದ್ದನ್ನೋ ಶೋಧಿಸಿದ ಮಳೆನೀರನ್ನೋ ಹಾಕಿದರೆ ಈ ಕಾಟ ಇಲ್ಲ.

ಲಿವರ್ ಎಳೆದಾಗ ಶಬ್ದವೇ ಇಲ್ಲದಿದ್ದರೆ ಮಾತು ಬೇರೆ. ಮೊದಲು ಫ್ಯೂಸ್ ನೋಡಿ. ಅದು ಸರಿಯಿದ್ದರೆ ಪಂಪಿನ ವೈರಿನ ಸಾಕೆಟ್ ಬಿಚ್ಚಿ, ಒಬ್ಬರು ಲಿವರ್ ಎಳೆದು ಹಿಡಿದಿರುವಾಗ ಇನ್ನೊಬ್ಬರು ಮೀಟರ್ ಹಚ್ಚಿ ನೋಡಬೇಕು. 12 ವೋಲ್ಟ್ ಆಸುಪಾಸು ಬರುತ್ತಿದ್ದೂ ಮೋಟರ್ ಅಲುಗದಿದ್ದರೆ ಅದು ಸತ್ತಿದೆ ಎಂದೇ ಲೆಕ್ಕ. ಕರೆಂಟೇ ಬರದಿದ್ದರೆ ದೋಷ ವೈರಿನಲ್ಲೋ ಸ್ವಿಚ್ಚಿನಲ್ಲೋ ಇದೆ, ಹೊಸ ಪಂಪು ತಂದು ಪ್ರಯೋಜನವಿಲ್ಲ. ಕೆಲವು ನೂರು ರೂಪಾಯಿಯ ಸಾಮಾನೇ ಇರಬಹುದು, ಬೇಡದ್ದನ್ನು ಯಾಕೆ ಕೊಳ್ಳಬೇಕು?

ಬದಲಾಯಿಸುವ ಕೆಲಸದಲ್ಲಿ ತ್ರಾಸವೆಲ್ಲ ಪಂಪಿನ ತನಕ ಕೈ ತಲುಪಿಸುವುದರಲ್ಲಿದೆ. ಕೆಲವು ಕಾರುಗಳಲ್ಲಿ ಡಬ್ಬಿ ಬಾನೆಟ್ ಕೆಳಗೇ ಎದುರಿಗಿರುತ್ತದೆ. ಇನ್ನು ಕೆಲವುಗಳಲ್ಲಿ ಬಂಪರಿನ ಹಿಂದೆ ಅಡಗಿರುತ್ತದೆ, ಆಗ ಸ್ಟೇರಿಂಗ್ ಪೂರ್ತಿ ತಿರುಗಿಸಿ, ಮುಂದಿನ ಚಕ್ರದ ಮೇಲಿನ ಪ್ಲಾಸ್ಟಿಕ್ ಹೊದಿಕೆಯ ಕ್ಲಿಪ್ಪು ಬಿಚ್ಚಿ ಕೈ ತೂರಿಸಬೇಕು. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾರೂ ತಲೆ ಹಾಕಬೇಡಿ.

ಕೆಳಗೊಂದು ಬೇಸಿನ್ ಇಟ್ಟುಕೊಳ್ಳಿ, ಪಂಪು ಕಿತ್ತ ತಕ್ಷಣ ಡಬ್ಬಿಯ ನೀರೆಲ್ಲ ಸುರಿಯುತ್ತದೆ. ಹಳೆಯ ಪೈಪು ಬಿಸಿಲಿಗೆ ಗಟ್ಟಿಯಾಗಿರುತ್ತದೆ. ಬಲವಂತವಾಗಿ ಎಳೆದರೆ ಪಂಪಿನ ಮೂತಿ ಮುರಿದು ಚೂರು ಪೈಪಿನೊಳಗೇ ಉಳಿಯುತ್ತದೆ. ಅದರ ಮೇಲೆ ಬಿಸಿನೀರು ಹೊಯ್ದು ಮೆತ್ತಗಾದ ಮೇಲೆ ತಿರುಚುತ್ತಾ ಬಿಡಿಸಿ. ಹಿಂದಿನ ಗಾಜಿಗೂ ನೀರು ಹೋಗುವ ಎಷ್ಟೋ ಕಾರುಗಳಲ್ಲಿ ಒಂದೇ ಮೋಟರ್ ಒಂದು ದಿಕ್ಕಿಗೆ ತಿರುಗಿದರೆ ಮುಂದಕ್ಕೆ, ಇನ್ನೊಂದು ದಿಕ್ಕಿಗೆ ತಿರುಗಿದರೆ ಹಿಂದಕ್ಕೆ ನೀರು ಕಳಿಸುತ್ತದೆ. ಪೈಪು ಎರಡಿದ್ದರೆ ಒಂದಕ್ಕೆ ದಾರ ಕಟ್ಟಿಡಿ, ಅದಲುಬದಲಾದರೆ ಮುಂದಿನ ಗಾಜಿಗೆ ಎಳೆದಾಗ ಹಿಂದಿನದು ನೆನೆಯುತ್ತದೆ.

ಪಂಪು ಕೂರುವ ರಬ್ಬರ್ ಬುಷ್ಷನ್ನೂ ಹೊಸದೇ ಹಾಕುವುದು ಒಳ್ಳೆಯದು. ಸೋರುವುದು ಅಲ್ಲಿಂದಲೇ. ಕೂರಿಸುವಾಗ ಎಣ್ಣೆ, ಗ್ರೀಸ್ ಹಚ್ಚಬಾರದು, ರಬ್ಬರು ಉಬ್ಬುತ್ತದೆ, ನೀರು ಸವರಿದರೆ ಸಾಕು. ಪಂಪು ಓರೆಯಾಗದಂತೆ ನೇರವಾಗಿ ಒತ್ತಿ. ಡಬ್ಬಿ ತುಂಬಿಸಿ ಆಮೇಲೆ ಲಿವರ್ ಎಳೆಯಿರಿ, ಅದಕ್ಕೂ ಮೊದಲು ಬೇಡ.

ಅದೇ ಬಾನೆಟ್ ಕೆಳಗೆ ಕೂಲೆಂಟ್ ಡಬ್ಬಿಯೂ ಇರುತ್ತದೆ, ಅದಲುಬದಲಾಗದಂತೆ ಎರಡನ್ನೂ ಗುರುತಿಟ್ಟುಕೊಳ್ಳಿ. ಗಾಜಿನ ನೀರಿಗೆ ಪಾತ್ರೆ ತೊಳೆಯುವ ಸೋಪು ಬೆರೆಸಿದರೆ ನೊರೆಯ ಗೆರೆ ಉಳಿದು ಬಿಸಿಲಿಗೆ ಇನ್ನಷ್ಟು ಮಸುಕಾಗುತ್ತದೆ. ಇದಕ್ಕೆಂದೇ ಮಾರುವ ದ್ರವ ಸ್ವಲ್ಪ ಬೆರೆಸುವುದು ಲೇಸು. ಅದು ಬರೀ ಹೊಳಪಿಗಲ್ಲ. 2010ರಲ್ಲಿ ಇಂಗ್ಲೆಂಡಿನ ಆರೋಗ್ಯ ಸಂಶೋಧಕರು, ಡಬ್ಬಿಗೆ ಬರೀ ನೀರು ಹಾಕುವ ಚಾಲಕರಲ್ಲಿ ಲೀಜಿಯನೇರ್ಸ್ ಎಂಬ ಶ್ವಾಸಕೋಶದ ಸೋಂಕಿನ ಅಪಾಯ ಹೆಚ್ಚೆಂದು ಕಂಡುಕೊಂಡರು. ಬೆಚ್ಚಗೆ ನಿಂತ ನೀರಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಅದಕ್ಕೆ ಕಾರಣ, ತುಂತುರಿನ ಜೊತೆ ಉಸಿರಿಗೆ ಸೇರುತ್ತದೆ. ಬೇಸಿಗೆಯಲ್ಲಿ ನಮ್ಮ ಬಾನೆಟ್ ಕೆಳಗಿನ ನೀರು ಎಷ್ಟು ಬೆಚ್ಚಗಿರುತ್ತದೆ ಎಂದು ಮುಟ್ಟಿ ನೋಡಿದವರಿಗೆ ಗೊತ್ತು.

ಕೊನೆಗೆ ನಾಜಲಿನ ಗುರಿ. ಎಷ್ಟೋ ಕಾರುಗಳಲ್ಲಿ ಅದರೊಳಗಿನ ಪುಟ್ಟ ಗುಂಡನ್ನು ಸೂಜಿ ಮೊನೆಯಿಂದ ಅತ್ತಿತ್ತ ತಿರುಗಿಸಬಹುದು. ಕಾರು ನಿಂತಿದ್ದಾಗ ನೀರು ಗಾಜಿನ ನಡುಮಧ್ಯಕ್ಕಿಂತ ಸ್ವಲ್ಪ ಮೇಲೆ ಬೀಳುವಂತಿರಲಿ, ಓಡುವಾಗ ಎದುರುಗಾಳಿ ಅದನ್ನು ಕೆಳಕ್ಕೆ ಒತ್ತುತ್ತದೆ.