ಕೊನೆಗಾರರನ್ನು ಉಳಿಸಿಕೊಳ್ಳುವ ಬಗೆ

ಮುಂಗಾರು ಸಮೀಪಿಸುತ್ತಿದ್ದಂತೆ ಅಡಿಕೆ ಬೆಳೆಗಾರರು ಕೇಳುವ ಪ್ರಶ್ನೆ ಈಗ ಬದಲಾಗಿದೆ. ‘ಕೊಳೆರೋಗಕ್ಕೆ ಏನು ಹೊಡೆಯಬೇಕು?’ ಎಂದು ಕೇಳುತ್ತಿದ್ದವರು ‘ಹೊಡೆಯುವವರು ಎಲ್ಲಿ ಸಿಗುತ್ತಾರೆ?’ ಎಂದು ಕೇಳತೊಡಗಿದ್ದಾರೆ. ಮೊದಲ ಪ್ರಶ್ನೆಗೆ ಉತ್ತರ ದೊರೆತು ಶತಮಾನವೇ ಕಳೆದಿದೆ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಅವರು ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಅಂದು ಬಳಕೆಗೆ ಬಂದ ಬೋರ್ಡೋ ದ್ರಾವಣವೇ ಇಂದಿಗೂ ನಮ್ಮ ತೋಟಗಳನ್ನು ಕಾಯುತ್ತಿದೆ. ಆದರೆ ಮೈಲುತುತ್ತ, ಸುಣ್ಣಗಳನ್ನು ಅಂಗಡಿಯಿಂದ ತರಬಹುದು. ಮರದ ತುದಿಯಲ್ಲಿ ನಿಂತು ದ್ರಾವಣವನ್ನು ಕೊನೆಗೆ ಮುಟ್ಟಿಸುವ ಕೈಯನ್ನು ತರಲಾಗದು.

ಈ ಕೆಲಸ ಬಲ್ಲವರನ್ನು ಶಿರಸಿ, ಸಿದ್ದಾಪುರದ ಕಡೆ ಕೊನೆಗೌಡ ಎನ್ನುತ್ತಾರೆ. ಬೇರೆ ಕಡೆ ಕೊನೆಗಾರ ಎನ್ನುತ್ತಾರೆ. ಹೆಸರು ಯಾವುದಾದರೂ ಇವರನ್ನು ಸಾಮಾನ್ಯ ಆಳಿನ ಲೆಕ್ಕಕ್ಕೆ ಸೇರಿಸುವುದು ಸರಿಯಲ್ಲ. ಪಳಗಿದ ಕೊನೆಗಾರರು ಒಂದು ಮರ ಏರಿದರೆ ಕೆಳಗಿಳಿಯದೆ ಪಕ್ಕದ ಮರಕ್ಕೆ ದಾಟುತ್ತಾರೆ. ಒಂದೇ ಮರದಲ್ಲಿ ಕುಳಿತು ಸುತ್ತಲಿನ ಹಲವು ಮರಗಳ ಕೊನೆಗಳಿಗೆ ಔಷಧಿ ಹೊಡೆಯುತ್ತಾರೆ. ಯಾವ ಕೊನೆ ಬಲಿತಿದೆ, ಯಾವುದನ್ನು ಇನ್ನೂ ಬಿಡಬೇಕು ಎಂಬುದನ್ನು ನೋಡಿಯೇ ಹೇಳುತ್ತಾರೆ. ಈ ಕೌಶಲ ಒಂದು ಹಂಗಾಮಿನಲ್ಲಿ ಬರುವಂಥದ್ದಲ್ಲ.

ಕೊರತೆಗೆ ಕಾರಣವೇನು?

ಕೊನೆಗಾರರ ಮಕ್ಕಳು ಓದಿ ಬೇರೆ ಉದ್ಯೋಗ ಹಿಡಿಯುತ್ತಿದ್ದಾರೆ. ಇದು ಸಂತೋಷದ ಸಂಗತಿಯೇ ಹೊರತು ದೂರಬೇಕಾದುದಲ್ಲ. ಇನ್ನೊಂದೆಡೆ ಅಡಿಕೆ ಬೆಳೆ ಮಲೆನಾಡು, ಕರಾವಳಿಗಳನ್ನು ದಾಟಿ ದಾವಣಗೆರೆ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಬಯಲಿಗೂ ಹಬ್ಬಿದೆ. ಮರಗಳು ಹೆಚ್ಚಿದವು, ಏರುವವರು ಕಡಿಮೆಯಾದರು. ಚೇಣಿ ಹಿಡಿದವರೂ ಇದೇ ಕೈಗಳನ್ನು ಹುಡುಕುತ್ತಾರೆ. ಇವೆಲ್ಲ ನಮ್ಮ ಹತೋಟಿಯಲ್ಲಿಲ್ಲದ ಕಾರಣಗಳು.

ನಮ್ಮ ಹತೋಟಿಯಲ್ಲಿರುವ ಕಾರಣಗಳೂ ಮೂರಿವೆ. ಒಂದು, ವರ್ಷದಲ್ಲಿ ಕೆಲವೇ ತಿಂಗಳು ಕೆಲಸ. ಎರಡು, ಬಿದ್ದರೆ ಮನೆಯವರಿಗೆ ಆಸರೆಯಿಲ್ಲ. ಮೂರು, ಕೆಲಸಕ್ಕೆ ತಕ್ಕ ಗೌರವವಿಲ್ಲ. ಕೂಲಿಯನ್ನು ಎಷ್ಟು ಏರಿಸಿದರೂ ಈ ಮೂರು ಕೊರತೆಗಳು ತುಂಬದಿದ್ದರೆ ಕೊನೆಗಾರರು ನಿಲ್ಲುವುದಿಲ್ಲ. ನೀವು ಐವತ್ತು ರೂಪಾಯಿ ಹೆಚ್ಚು ಕೊಟ್ಟರೆ ಪಕ್ಕದ ಊರಿನವರು ನೂರು ಕೊಡುತ್ತಾರೆ. ಈ ಪೈಪೋಟಿಗೆ ಮುಗಿವಿಲ್ಲ.

ಒಂದು ತಂಡಕ್ಕೆ ಎಷ್ಟು ತೋಟ?

ಮೊದಲು ಲೆಕ್ಕ ನೋಡೋಣ. 2.7 ಮೀಟರ್ ಅಂತರದಲ್ಲಿ ನೆಟ್ಟ ತೋಟದಲ್ಲಿ ಎಕರೆಗೆ ಸುಮಾರು 550 ಮರಗಳಿರುತ್ತವೆ. ಕೊಳೆರೋಗಕ್ಕೆ ಮೊದಲನೆಯ ಸಿಂಪರಣೆ ಮುಂಗಾರು ಹಿಡಿಯುವ ಮುನ್ನ ಆಗಬೇಕು. ಎರಡನೆಯದು 40ರಿಂದ 45 ದಿನಗಳ ನಂತರ. ಮಳೆ ಮುಂದುವರಿದರೆ ಮೂರನೆಯದೂ ಬೇಕು. ಅಲ್ಲದೆ ಬೋರ್ಡೋ ದ್ರಾವಣವನ್ನು ತಯಾರಿಸಿದ ದಿನವೇ ಮುಗಿಸಬೇಕು. ಬೆಳಿಗ್ಗೆ ಕದಡಿಟ್ಟು, ಕೊನೆಗಾರರು ಬಾರದಿದ್ದರೆ ಅಷ್ಟೂ ನಷ್ಟ.

ಒಂದು ತಂಡ ದಿನಕ್ಕೆ ಒಂದು ಎಕರೆ ಮುಗಿಸುತ್ತದೆ ಎಂದು ಇಟ್ಟುಕೊಳ್ಳಿ. ನಿಮ್ಮ ಊರಿನ ಅನುಭವ ಬೇರೆಯಿದ್ದರೆ ಆ ಅಂಕಿಯನ್ನೇ ಹಾಕಿ. ತಲಾ ಎರಡು ಎಕರೆಯ ಆರು ಮಂದಿ ಬೆಳೆಗಾರರು ಸೇರಿದರೆ 12 ಎಕರೆ, ಅಂದರೆ ಸುಮಾರು 6,600 ಮರ. ಮೇ 20ಕ್ಕೆ ಪ್ರಾರಂಭಿಸಿದರೆ ಮೇ 31ಕ್ಕೆ ಮುಗಿಯುತ್ತದೆ. ಜೂನ್ ಮೊದಲ ವಾರದ ಮಳೆಗೆ ತೋಟ ಸಿದ್ಧವಾಗಿರುತ್ತದೆ. ಅದೇ ತಂಡಕ್ಕೆ 20 ಎಕರೆ ಒಪ್ಪಿಸಿದರೆ ಕೊನೆಯ ಎಂಟು ಎಕರೆ ಮಳೆಗೆ ಸಿಕ್ಕಿಬೀಳುತ್ತದೆ. ಎರಡನೆಯ ಸುತ್ತಿನಲ್ಲಿ ಮಳೆಯಿಂದ ಅರ್ಧ ದಿನಗಳು ಹೋದರೆ 20 ಎಕರೆಗೆ 40 ದಿನ ಬೇಕಾಗುತ್ತದೆ; ಅಷ್ಟರಲ್ಲಿ ಮೂರನೆಯ ಸುತ್ತು ಬಂದಿರುತ್ತದೆ. ಆದ್ದರಿಂದ ಹತ್ತು ಹನ್ನೆರಡು ಎಕರೆಗೆ ಒಂದು ತಂಡ ಎಂಬ ಮಿತಿಯನ್ನು ಇಟ್ಟುಕೊಳ್ಳುವುದು ಒಳ್ಳೆಯದು.

ವರ್ಷವಿಡೀ ಕೆಲಸ ಕೊಡಿ

ಈ ಹನ್ನೆರಡು ಎಕರೆಯೇ ತಂಡಕ್ಕೆ ಆಧಾರವಾಗಬೇಕು. ಒಬ್ಬ ಬೆಳೆಗಾರರು ಕೊನೆಗಾರರಿಗೆ ವರ್ಷಪೂರ್ತಿ ಕೆಲಸ ಕೊಡಲಾರರು. ಆರು ಮಂದಿ ಕೂಡಿದರೆ ಕೊಡಬಲ್ಲರು. ಮೇ ಕೊನೆಯಿಂದ ಆಗಸ್ಟ್‌ವರೆಗೆ ಸಿಂಪರಣೆ. ಕೆಂಪಡಿಕೆ ಮಾಡುವಲ್ಲಿ ಮಳೆ ಕಡಿಮೆಯಾಗುತ್ತಿದ್ದಂತೆ ಹಸಿ ಅಡಿಕೆ ಕೊಯ್ಲು. ಚಾಲಿ ಮಾಡುವಲ್ಲಿ ಚಳಿಗಾಲದಿಂದ ಬೇಸಿಗೆಯವರೆಗೆ ಹಣ್ಣಡಿಕೆ ಕೊಯ್ಲು. ಜನವರಿಯಿಂದ ಮಾರ್ಚ್‌ವರೆಗೆ ಕಾಳುಮೆಣಸು.

ಉಳಿದ ತಿಂಗಳುಗಳಲ್ಲಿ ನಾವು ಮುಂದೂಡುತ್ತಲೇ ಬಂದ ಕೆಲಸಗಳಿವೆ. ಕೊಳೆತು ಮರದಲ್ಲೇ ಒಣಗಿ ನಿಂತ ಕೊನೆಗಳನ್ನು ತೆಗೆದು ಸುಡಬೇಕು. ಮರುವರ್ಷದ ರೋಗಕ್ಕೆ ಅವೇ ಬೀಜ. ಎಳೆಯ ಮರಗಳ ಕಾಂಡಕ್ಕೆ ನೈಋತ್ಯದ ಬಿಸಿಲು ತಾಗದಂತೆ ಸೋಗೆ ಕಟ್ಟಬೇಕು. ತೆಂಗಿನಕಾಯಿ ಇಳಿಸಬೇಕು. ಮಳೆಗೆ ಮುಂಚೆ ಬಸಿಗಾಲುವೆ ಬಿಡಿಸಬೇಕು. ಇವನ್ನೆಲ್ಲ ತಿಂಗಳುವಾರು ಬರೆದು, ಆರು ತೋಟಗಳ ನಡುವೆ ಹಂಚಿ, ತಿಂಗಳಿಗೆ ಇಂತಿಷ್ಟು ದಿನ ಕೆಲಸ ಖಂಡಿತ ಎಂದು ತಂಡಕ್ಕೆ ಮಾತು ಕೊಡಿ. ಸಿಂಪರಣೆಗೆ ಯಾರ ತೋಟ ಮೊದಲು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ, ಮರುವರ್ಷ ಸರದಿ ಬದಲಿಸಿ. ಇಲ್ಲವಾದರೆ ಕೂಟ ಮೊದಲ ಮಳೆಗೇ ಒಡೆಯುತ್ತದೆ.

ಕೂಲಿ ಮತ್ತು ಮುಂಗಡ

ಆರು ತೋಟಗಳಲ್ಲೂ ಒಂದೇ ದರವಿರಲಿ, ವಾರಕ್ಕೊಮ್ಮೆ ತಪ್ಪದೆ ಬಟವಾಡೆಯಾಗಲಿ. ಸಿಂಪರಣೆಗೆ ಮರಲೆಕ್ಕಕ್ಕಿಂತ ದಿನಗೂಲಿ ಮೇಲು. ಮರಲೆಕ್ಕದಲ್ಲಿ ಕೆಲಸ ಅವಸರವಾಗುತ್ತದೆ. ಕೊನೆಯ ಒಳಭಾಗ ನೆನೆಯದೆ ಉಳಿಯುತ್ತದೆ, ಅಪಾಯವೂ ಹೆಚ್ಚುತ್ತದೆ.

ಮುಂಗಡದ ವಿಷಯದಲ್ಲಿ ಎಚ್ಚರ ಬೇಕು. ಕಷ್ಟಕ್ಕೆ ಹಣ ಕೊಡುವುದು ಒಳ್ಳೆಯದೇ. ಆದರೆ ಸಾಲ ತೀರುವ ತನಕ ಬೇರೆಡೆ ಹೋಗಕೂಡದು ಎಂದು ಕಟ್ಟಿಹಾಕುವುದು ಜೀತವಾಗುತ್ತದೆ. 1976ರ ಜೀತಪದ್ಧತಿ ರದ್ದಿಯಾತಿ ಕಾಯಿದೆಯ ಪ್ರಕಾರ ಅದು ಶಿಕ್ಷಾರ್ಹ ಅಪರಾಧ. ಮುಂಗಡಕ್ಕೆ ಬಡ್ಡಿ ಹಾಕಬೇಡಿ. ಕೊಟ್ಟದ್ದು, ಮುರಿದದ್ದು ಎರಡನ್ನೂ ಒಂದು ಪುಸ್ತಕದಲ್ಲಿ ಬರೆದು, ಅದರ ಪ್ರತಿಯನ್ನು ಕೊನೆಗಾರರಿಗೂ ಕೊಡಿ.

ಜೀವಕ್ಕೆ ಭದ್ರತೆ

ಮರ ಏರುವುದಕ್ಕೆ ಮುಂಚೆ ತೋಟವನ್ನು ಒಮ್ಮೆ ಸುತ್ತಿ ಬನ್ನಿ. ಬುಡದಲ್ಲಿ ಅಣಬೆ ರೋಗ ತಗುಲಿದ ಮರ, ಬಿಸಿಲಿಗೆ ಸುಟ್ಟು ಕಾಂಡ ಸೀಳಿದ ಮರ, ತುದಿ ಸಣ್ಣಗಾದ ಮರ, ಇವುಗಳಿಗೆ ಸುಣ್ಣದ ಪಟ್ಟಿ ಬಳಿಯಿರಿ. ಪಟ್ಟಿ ಬಳಿದ ಮರವನ್ನು ಯಾರೂ ಏರಕೂಡದು. ಹಗ್ಗ, ತಳೆ, ಮಣೆಗಳನ್ನು ಪ್ರತಿ ಹಂಗಾಮಿಗೆ ಮುಂಚೆ ಪರೀಕ್ಷಿಸಿ. ಹಳೆಯ ಹಗ್ಗದಲ್ಲಿ ಉಳಿತಾಯ ಬೇಡ. ಸೊಂಟಕ್ಕೆ ಕಟ್ಟುವ ಸುರಕ್ಷಾ ಪಟ್ಟಿಯನ್ನು ತೋಟದವರೇ ಕೊಳ್ಳಬೇಕು. ಔಷಧಿ ಕಣ್ಣಿಗೆ ಸಿಡಿಯದಂತೆ ಕನ್ನಡಕ, ಕೈಕಾಲು ತೊಳೆಯಲು ನೀರು, ಸೋಪು ಇರಲಿ. ಮಳೆಯಲ್ಲಿ ಮರ ಜಾರುವಾಗ ‘ಇನ್ನು ನಾಲ್ಕೇ ಮರ’ ಎಂದು ಒತ್ತಾಯಿಸಬೇಡಿ. ಆ ದಿನದ ಕೂಲಿಯನ್ನು ಕಡಿಯಲೂ ಬೇಡಿ. ಕಡಿದರೆ ಮರುದಿನ ಮಳೆಯಲ್ಲೂ ಅವರು ಏರುತ್ತಾರೆ.

ಪ್ರಧಾನಮಂತ್ರಿ ಸುರಕ್ಷಾ ವಿಮಾ ಯೋಜನೆ 2015ರಲ್ಲಿ ಪ್ರಾರಂಭವಾಯಿತು. 18ರಿಂದ 70 ವರ್ಷದೊಳಗಿನ, ಬ್ಯಾಂಕ್ ಖಾತೆಯಿರುವ ಯಾರೂ ಸೇರಬಹುದು. 2022ರಿಂದ ವಾರ್ಷಿಕ ಕಂತು 20 ರೂಪಾಯಿ. ಅಪಘಾತದಲ್ಲಿ ಮರಣ ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಉಂಟಾದರೆ 2 ಲಕ್ಷ ರೂಪಾಯಿ ದೊರೆಯುತ್ತದೆ. ಒಂದು ಸಂಸಾರಕ್ಕೆ ಇದು ಸಾಲದು. ಆದರೂ ಇದನ್ನು ಮಾಡಿಸದಿರಲು ಕಾರಣವಿಲ್ಲ. ಕೂಟದ ವತಿಯಿಂದ ಇದಕ್ಕಿಂತ ದೊಡ್ಡ ಮೊತ್ತದ ಅಪಘಾತ ವಿಮೆಯನ್ನೂ ಮಾಡಿಸಿ, ಕಂತನ್ನು ಆರು ಪಾಲು ಮಾಡಿಕೊಳ್ಳಿ.

ಗೌರವ

ಇದಕ್ಕೆ ಖರ್ಚಿಲ್ಲ, ಫಲ ಮಾತ್ರ ದೊಡ್ಡದು. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಹೊತ್ತಿಗೆ ಸರಿಯಾಗಿ, ಮನೆಯವರು ಉಣ್ಣುವುದನ್ನೇ ಕೊಡಿ. ಬೇರೆ ಲೋಟ, ಬೇರೆ ಜಾಗ ಎಂಬ ಪದ್ಧತಿ ಎಲ್ಲಿಯಾದರೂ ಉಳಿದಿದ್ದರೆ ಅದು ಕಾನೂನಿಗೂ ವಿರುದ್ಧ, ಮನುಷ್ಯತ್ವಕ್ಕೂ ವಿರುದ್ಧ. ಅಪ್ಪ ಅಂಗಳದಾಚೆ ಕೂತು ಚಹಾ ಕುಡಿಯುವುದನ್ನು ನೋಡಿದ ಮಗ ಆ ಕೆಲಸ ಕಲಿಯಲು ಎಂದೂ ಬರುವುದಿಲ್ಲ.

ಹೊಸಬರನ್ನು ತಯಾರು ಮಾಡಿ

ಇರುವವರನ್ನು ಉಳಿಸಿಕೊಂಡಂತೆ ಹೊಸಬರನ್ನೂ ಬೆಳೆಸಬೇಕು. ವಿಟ್ಲದ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ 2018ರಲ್ಲಿ ‘ಅಡಿಕೆ ಕೌಶಲ್ಯ ಪಡೆ’ ಎಂಬ ಹೆಸರಿನಲ್ಲಿ ಯುವಕರಿಗೆ ಮರ ಏರುವ ತರಬೇತಿ ನಡೆಯಿತು. ತೆಂಗಿನಲ್ಲಿ ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲೇ ಇಂಥ ತರಬೇತಿ ಆರಂಭಿಸಿತು; ಏರುವ ಸಾಧನ ಬಳಸಿ ಮಹಿಳೆಯರೂ ಕಲಿತರು. ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಶಿಬಿರದಲ್ಲಿ ಕಲಿತದ್ದು ತೋಟದಲ್ಲಿ ಪಳಗಬೇಕು. ಪ್ರತಿ ತಂಡದೊಂದಿಗೆ ಒಬ್ಬ ಕಲಿಯುವವರನ್ನು ಇರಿಸಿ. ಮೊದಲ ಹಂಗಾಮಿನಲ್ಲಿ ಕೆಳಗಿನಿಂದ ಹಗ್ಗ ಹಿಡಿದು ಕೊನೆ ಇಳಿಸಿಕೊಳ್ಳುವುದು, ದ್ರಾವಣ ಕೂಡಿಸುವುದು, ನಂತರ ಗಿಡ್ಡ ಮರಗಳಲ್ಲಿ ಕೊಯ್ಲು, ಆಮೇಲೆ ಸಿಂಪರಣೆ, ಮರದಿಂದ ಮರಕ್ಕೆ ದಾಟುವುದು ಕಟ್ಟಕಡೆಗೆ. ಕಲಿಯುವವರಿಗೂ ಕೂಲಿ ಕೊಡಿ, ಕಲಿಸುವ ಕೊನೆಗಾರರಿಗೆ ಅದಕ್ಕೆಂದೇ ಹೆಚ್ಚಿಗೆ ಕೊಡಿ. ತಮ್ಮ ಅನ್ನಕ್ಕೆ ಪೈಪೋಟಿ ಎಂದು ಅವರು ಭಾವಿಸದಿರಲು ಇದೊಂದೇ ದಾರಿ.

ದೋಟಿ ಮತ್ತು ಯಂತ್ರ

ಇಂಗಾಲದ ನಾರಿನ ಹಗುರ ದೋಟಿಗಳು ಈಗ ಮಲೆನಾಡಿನಲ್ಲಿ ಬಳಕೆಯಲ್ಲಿವೆ. ನೆಲದಲ್ಲಿ ನಿಂತೇ ಕೊನೆ ಕೊಯ್ಯಬಹುದು, ಔಷಧಿ ಹೊಡೆಯಬಹುದು. ಬಂಟ್ವಾಳ ತಾಲ್ಲೂಕಿನ ರೈತರೊಬ್ಬರು ಮರ ಏರುವ ಬೈಕನ್ನೇ ನಿರ್ಮಿಸಿದ್ದಾರೆ. ಇವನ್ನು ಕೊನೆಗಾರರನ್ನು ಬಿಡಿಸುವ ಸಾಧನವೆಂದು ತಿಳಿಯಬೇಡಿ, ಉಳಿಸುವ ಸಾಧನವೆಂದು ತಿಳಿಯಿರಿ. ಐವತ್ತು ದಾಟಿ ಮೊಣಕಾಲು ಸೋತ ಕೊನೆಗಾರರ ಕೈಗೆ ದೋಟಿ ಕೊಟ್ಟರೆ ಅವರ ಕಣ್ಣಿನ ಅನುಭವ ಇನ್ನೂ ಹತ್ತು ವರ್ಷ ತೋಟಕ್ಕೆ ಒದಗುತ್ತದೆ. ಒಂದು ಎಚ್ಚರಿಕೆ: ಇಂಗಾಲದ ನಾರಿನಲ್ಲೂ ಅಲ್ಯೂಮಿನಿಯಂನಂತೆಯೇ ವಿದ್ಯುತ್ ಹರಿಯುತ್ತದೆ. ತಂತಿ ಹಾದುಹೋದ ಸಾಲುಗಳಲ್ಲಿ ದೋಟಿ ಎತ್ತಲೇಬಾರದು.

ರೈತ ಬಾಂಧವರೇ, ಈ ಕೆಲಸಗಳನ್ನು ಮೇ ತಿಂಗಳಿಗೆ ಬಿಟ್ಟರೆ ಕಾಲ ಮೀರುತ್ತದೆ. ಕೊಯ್ಲು ಮುಗಿದು ಕೈಯಲ್ಲಿ ಹಣವಿರುವಾಗಲೇ ಅಕ್ಕಪಕ್ಕದ ಐದು ಮಂದಿಯನ್ನು ಕರೆದು ಕೂಡಿರಿ. ಕೊನೆಗಾರರನ್ನೂ ಅದೇ ಚಾಪೆಯ ಮೇಲೆ ಕೂರಿಸಿಕೊಳ್ಳಿ. ಎಷ್ಟು ದಿನ ಕೆಲಸ, ಎಷ್ಟು ದರ, ಯಾವ ವಿಮೆ, ಯಾರು ಕಲಿಯುವವರು ಎಂಬ ನಾಲ್ಕು ಮಾತುಗಳನ್ನು ಅವರ ಎದುರಿನಲ್ಲೇ ಬರೆದುಕೊಳ್ಳಿ. ಆ ಕಾಗದವೂ ಮೈಲುತುತ್ತದಷ್ಟೇ ಅಗತ್ಯವಾದ ಔಷಧಿ.