ರಸೀದಿ ಪುಸ್ತಕದಿಂದ ಜಾಲತಾಣಕ್ಕೆ: ದಾನಿಯ ನಂಬಿಕೆಯ ಲೆಕ್ಕ

ಮಾಗಡಿ ರಸ್ತೆಗೆ ಹೊಂದಿಕೊಂಡಿರುವ ಕಾಮಾಕ್ಷಿಪಾಳ್ಯದ ಸಣ್ಣ ಕಾರ್ಖಾನೆಗಳಲ್ಲಿ ವರ್ಷಕ್ಕೆ ಎಷ್ಟು ಬಾರಿ ರಸೀದಿ ಪುಸ್ತಕ ಮೇಜಿನ ಮೇಲೆ ಬಂದು ಕೂರುತ್ತದೆ ಎಂಬುದನ್ನು ಅಲ್ಲಿನ ಮಾಲೀಕರೇ ಬಲ್ಲರು. ಗಣೇಶೋತ್ಸವ, ರಾಜ್ಯೋತ್ಸವ, ಅಣ್ಣಮ್ಮ ದೇವಿಯ ಉತ್ಸವ, ಶಾಲೆಯ ಕೊಠಡಿ, ವೃದ್ಧಾಶ್ರಮ, ಬಡ ವಿದ್ಯಾರ್ಥಿಯ ಶುಲ್ಕ, ಹೀಗೆ ಕಾರಣಗಳು ಹಲವು. ಲೇತ್ ಯಂತ್ರದ ಸದ್ದಿನ ನಡುವೆ ಎರಡು ನಿಮಿಷ ಮಾತನಾಡಿ, ಬಂದವರ ಮುಖ ನೋಡಿ, ಅವರ ಜೊತೆಗೆ ಬಂದ ಪರಿಚಿತರ ಮುಖವನ್ನೂ ನೋಡಿ, ಮಾಲೀಕರು ಒಂದು ಮೊತ್ತವನ್ನು ಬರೆಸುತ್ತಾರೆ. ಇಲ್ಲಿ ದಾನ ನಡೆಯುವುದು ಮುಖಪರಿಚಯದ ಮೇಲೆ.

ಈ ಪದ್ಧತಿ ಇಂದಿಗೂ ಅಳಿದಿಲ್ಲ. ಆದರೆ ಅದರ ವ್ಯಾಪ್ತಿ ನಾಲ್ಕು ಬೀದಿಗಳನ್ನು ದಾಟುವುದಿಲ್ಲ. ಬಡಾವಣೆಯ ಟ್ರಸ್ಟ್ ಒಂದು ಹತ್ತು ಮಕ್ಕಳ ಬದಲು ನೂರು ಮಕ್ಕಳಿಗೆ ವಿದ್ಯಾರ್ಥಿವೇತನ ನೀಡಬೇಕೆಂದು ಹೊರಟಾಗ ಅದು ಪರಿಚಯವಿಲ್ಲದವರ ಬಳಿಗೆ ಹೋಗಲೇಬೇಕು. ಪರಿಚಯವಿಲ್ಲದ ದಾನಿಯು ಮೊದಲು ಮಾಡುವ ಕೆಲಸವೆಂದರೆ ಕೈಯಲ್ಲಿರುವ ಮೊಬೈಲ್‌ನಲ್ಲಿ ಸಂಸ್ಥೆಯ ಹೆಸರನ್ನು ಹುಡುಕುವುದು. ಅಲ್ಲಿ ಆತನಿಗೆ ಸಿಗುವುದು ಬಹುಪಾಲು ಯಾವುದೋ ವರ್ಷ ಯಾರೋ ಸ್ವಯಂಸೇವಕರು ಮಾಡಿಕೊಟ್ಟು ಮರೆತ ಒಂದು ಜಾಲತಾಣ: ಮುಖಪುಟದಲ್ಲಿ ಉದ್ಘಾಟನಾ ಸಮಾರಂಭದ ಚಿತ್ರ, ಗಣ್ಯರಿಗೆ ಹಾರ, ಕೆಳಗೆ ಬ್ಯಾಂಕ್ ಖಾತೆಯ ಸಂಖ್ಯೆ. ಇಂಥ ತಾಣವನ್ನು ಹೊಸದಾಗಿ ರೂಪಿಸುವ ಬಗೆ ಯಾವುದು ಎಂಬ ಪ್ರಶ್ನೆ ವರ್ತಕರಿಗೆ ಎರಡು ಕಡೆಯಿಂದ ಸಂಬಂಧಿಸಿದ್ದು. ಅವರು ದಾನಿಗಳೂ ಹೌದು. ಅನೇಕರು ತಮ್ಮ ಸಮುದಾಯದ ಇಲ್ಲವೇ ಸಂಘದ ಟ್ರಸ್ಟ್‌ಗಳಲ್ಲಿ ಪದಾಧಿಕಾರಿಗಳೂ ಹೌದು.

ನೋಡುಗನು ಹುಡುಕುವುದೇನು?

ಜಾಲತಾಣದ ವಿಶ್ವಾಸಾರ್ಹತೆಯನ್ನು ಜನರು ಹೇಗೆ ಅಳೆಯುತ್ತಾರೆ ಎಂಬ ಬಗ್ಗೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಿ.ಜೆ. ಫಾಗ್ ಮತ್ತು ಸಂಗಡಿಗರು 2002ರಲ್ಲಿ ಒಂದು ದೊಡ್ಡ ಅಧ್ಯಯನ ನಡೆಸಿದರು. 2,684 ಮಂದಿ ಭಾಗವಹಿಸಿದ್ದ ಆ ಅಧ್ಯಯನದಲ್ಲಿ ಬಂದ ಅಭಿಪ್ರಾಯಗಳ ಪೈಕಿ ಶೇ. 46.1ರಷ್ಟು ತಾಣದ ನೋಟಕ್ಕೆ, ಅಂದರೆ ಅಕ್ಷರ, ಬಣ್ಣ ಮತ್ತು ಜೋಡಣೆಗೆ ಸಂಬಂಧಿಸಿದ್ದವು. ಅಂಗಡಿಯ ಮುಂಭಾಗ ಗುಡಿಸಿರುವುದೇ ಇಲ್ಲವೇ ಎಂದು ಗಿರಾಕಿ ಮೊದಲು ನೋಡುವಂತೆಯೇ ಇದು. ಆದರೆ ಗುಡಿಸಿದ ಮಾತ್ರಕ್ಕೆ ವ್ಯಾಪಾರವಾಗುವುದಿಲ್ಲ. ಜೇಕಬ್ ನೀಲ್ಸನ್ ಅವರ ಸಂಸ್ಥೆಯು 2009ರಲ್ಲಿ ಸೇವಾಸಂಸ್ಥೆಗಳ ತಾಣಗಳನ್ನೇ ಪರೀಕ್ಷಿಸಿದಾಗ ದಾನಿಗಳು ಮುಖ್ಯವಾಗಿ ಎರಡು ಸಂಗತಿಗಳನ್ನು ಹುಡುಕುತ್ತಾರೆಂದು ಕಂಡುಬಂದಿತು. ಸಂಸ್ಥೆ ಮಾಡುವುದೇನು? ಕೊಟ್ಟ ಹಣ ಹೇಗೆ ಬಳಕೆಯಾಗುತ್ತದೆ? ಪರೀಕ್ಷೆಗೆ ಒಳಪಟ್ಟ ತಾಣಗಳಲ್ಲಿ ಮೊದಲ ಪ್ರಶ್ನೆಗೆ ಮುಖಪುಟದಲ್ಲಿ ಉತ್ತರವಿದ್ದದ್ದು ಶೇ. 43ರಷ್ಟರಲ್ಲಿ, ಎರಡನೆಯದಕ್ಕೆ ಕೇವಲ ಶೇ. 4ರಷ್ಟರಲ್ಲಿ. ಶೇ. 17ರಷ್ಟು ತಾಣಗಳಲ್ಲಿ ಹಣ ಕೊಡುವ ಜಾಗವೇ ನೋಡುಗರಿಗೆ ಸಿಗಲಿಲ್ಲ. ಕೊಡಲು ಬಂದವನಿಗೆ ಗಲ್ಲಾಪೆಟ್ಟಿಗೆ ಕಾಣಿಸದ ಅಂಗಡಿಯನ್ನು ವರ್ತಕರು ಊಹಿಸಿಕೊಳ್ಳುವುದೂ ಕಷ್ಟ.

ಸಣ್ಣ ತಯಾರಕನು ಹೊಸ ಸರಬರಾಜುದಾರನನ್ನು ಅಳೆಯುವ ಕ್ರಮ ಇದಕ್ಕಿಂತ ಬೇರೆಯಲ್ಲ. ಜಿಎಸ್‌ಟಿ ಸಂಖ್ಯೆಯನ್ನು ಸರ್ಕಾರಿ ಪೋರ್ಟಲ್‌ನಲ್ಲಿ ಹಾಕಿ ನೋಡುತ್ತಾನೆ. ಕಾರ್ಖಾನೆಯ ವಿಳಾಸ ಕೇಳುತ್ತಾನೆ. ಯಾರಿಗೆ ಮಾಲು ಕೊಟ್ಟಿದ್ದೀರಿ ಎಂದು ವಿಚಾರಿಸುತ್ತಾನೆ. ಒಂದು ಸಣ್ಣ ಆರ್ಡರ್ ಕೊಟ್ಟು, ಹೇಳಿದ ದಿನಕ್ಕೆ ಬಂತೇ ಎಂದು ಪರೀಕ್ಷಿಸುತ್ತಾನೆ. ದಾನಿಯೂ ಇದೇ ನಾಲ್ಕು ಮೆಟ್ಟಿಲುಗಳನ್ನು ಹತ್ತುತ್ತಾನೆ.

ಹತ್ತಿರದ ನಿದರ್ಶನ

ಕಾಮಾಕ್ಷಿಪಾಳ್ಯಕ್ಕೆ ಕೆಲವೇ ಕಿಲೋಮೀಟರ್ ದೂರದ ರಾಜಾಜಿನಗರದ ಹರೇ ಕೃಷ್ಣ ಗಿರಿಯಲ್ಲಿ ಬೇರುಬಿಟ್ಟ ಅಕ್ಷಯ ಪಾತ್ರ ಪ್ರತಿಷ್ಠಾನ ಈ ವಿಷಯದಲ್ಲಿ ಗಮನಿಸಬೇಕಾದ ಸಂಸ್ಥೆ. 2000ರ ಜೂನ್ ತಿಂಗಳಲ್ಲಿ ಬೆಂಗಳೂರಿನ 5 ಸರ್ಕಾರಿ ಶಾಲೆಗಳ 1,500 ಮಕ್ಕಳಿಗೆ ಮಧ್ಯಾಹ್ನದ ಊಟ ನೀಡುವುದರೊಂದಿಗೆ ಅದು ಆರಂಭವಾಯಿತು. ಶಾಲೆಗಳಲ್ಲಿ ಬಿಸಿಯೂಟ ನೀಡಬೇಕೆಂದು ಸರ್ವೋಚ್ಚ ನ್ಯಾಯಾಲಯ ಆದೇಶಿಸಿದ್ದು ಅದರ ಮರುವರ್ಷ, 2001ರ ನವೆಂಬರ್‌ನಲ್ಲಿ. 2012ರಲ್ಲಿ 100 ಕೋಟಿ ಊಟ, 2016ರಲ್ಲಿ 200 ಕೋಟಿ, 2019ರಲ್ಲಿ 300 ಕೋಟಿ, 2024ರಲ್ಲಿ 400 ಕೋಟಿ ಎಂದು ಸಂಸ್ಥೆ ತನ್ನ ಮೈಲಿಗಲ್ಲುಗಳನ್ನು ಪ್ರಕಟಿಸಿದೆ. ಇಂದು ಅದರ ಅಡುಗೆಮನೆಗಳಿಂದ ಊಟ ಪಡೆಯುವ ಮಕ್ಕಳ ಸಂಖ್ಯೆ 20 ಲಕ್ಷವನ್ನು ಮೀರಿದೆ.

ಈ ಬೆಳವಣಿಗೆಯಲ್ಲಿ ಜಾಲತಾಣದ ಪಾತ್ರವನ್ನು ವರ್ತಕರ ದೃಷ್ಟಿಯಿಂದ ನೋಡಿದರೆ ಎದ್ದುಕಾಣುವುದು ಅದರ ಬೆಲೆಪಟ್ಟಿ. ಒಂದು ಮಗುವಿಗೆ ಒಂದು ಶೈಕ್ಷಣಿಕ ವರ್ಷದ ಊಟಕ್ಕೆ ದಾನಿಯಿಂದ ಇಷ್ಟು ರೂಪಾಯಿ ಎಂದು ಸಂಸ್ಥೆ ನಿಖರವಾಗಿ ಹೇಳುತ್ತ ಬಂದಿತು. ಒಂದು ಕಾಲಕ್ಕೆ 750 ರೂಪಾಯಿ ಇದ್ದದ್ದು ಕಾಲಕ್ರಮದಲ್ಲಿ 1,500ಕ್ಕೆ ಏರಿತು. ಅಕ್ಕಿ, ಬೇಳೆ, ಅನಿಲದ ದರ ಏರಿದಂತೆ ಈ ಸಂಖ್ಯೆಯೂ ಏರುವುದು ಸಹಜ, ಅದನ್ನು ಯಾವ ವ್ಯಾಪಾರಿಯೂ ಅನುಮಾನಿಸುವುದಿಲ್ಲ. ‘ಕೈಲಾದಷ್ಟು ಸಹಾಯ ಮಾಡಿ’ ಎಂಬ ಮನವಿಗಿಂತ ‘ಒಂದು ಮಗುವಿಗೆ ಇಷ್ಟು’ ಎಂಬ ಲೆಕ್ಕ ಅವನಿಗೆ ಹತ್ತಿರವಾದದ್ದು. ಆದರೆ ಊಟದ ಪೂರ್ಣ ವೆಚ್ಚ ದಾನಿಯದಲ್ಲ. ಆಹಾರಧಾನ್ಯ ಮತ್ತು ಅನುದಾನದ ರೂಪದಲ್ಲಿ ಸರ್ಕಾರದ ಪಾಲೂ ಇದೆ. ಬೆಲೆಪಟ್ಟಿ ಹಾಕುವ ಸಂಸ್ಥೆಗಳು ಸರ್ಕಾರದ ಪಾಲೆಷ್ಟು, ದಾನಿಯ ಪಾಲೆಷ್ಟು ಎಂಬುದನ್ನು ಅದೇ ಪುಟದಲ್ಲಿ ಹೇಳಬೇಕು. ಹೇಳದಿದ್ದರೆ, ಮುಂದೊಂದು ದಿನ ಬೇರೆ ಕಡೆಯಿಂದ ತಿಳಿದುಕೊಂಡ ದಾನಿಗೆ ಮೋಸಹೋದಂತೆ ಅನ್ನಿಸುತ್ತದೆ.

ಎರಡನೆಯದು ವಾರ್ಷಿಕ ವರದಿ. ಲೆಕ್ಕಪರಿಶೋಧನೆಗೊಂಡ ಲೆಕ್ಕಪತ್ರಗಳನ್ನು ಒಳಗೊಂಡ ವರದಿಗಳನ್ನು ಪ್ರತಿಷ್ಠಾನ ತನ್ನ ತಾಣದಲ್ಲಿ ಸಾರ್ವಜನಿಕರಿಗೆ ಒದಗಿಸಿತು. ಲೆಕ್ಕಪರಿಶೋಧಕರ ರಾಷ್ಟ್ರೀಯ ಸಂಸ್ಥೆಯು ಹಣಕಾಸು ವರದಿಗಾರಿಕೆಗಾಗಿ ನೀಡುವ ಚಿನ್ನದ ಫಲಕ ಅದಕ್ಕೆ ಹಲವು ಬಾರಿ ಸಂದಿತು. ದಾನಿಗಳ ಪೈಕಿ ಆ ಲೆಕ್ಕಪತ್ರಗಳನ್ನು ಪುಟಪುಟವಾಗಿ ಓದುವವರು ಬೆರಳೆಣಿಕೆಯಷ್ಟೇ ಇರಬಹುದು. ಬೇಕಾದರೆ ಓದಬಹುದು ಎಂಬ ಸ್ಥಿತಿಯೇ ಉಳಿದವರಿಗೆ ಸಾಕಾಗುತ್ತದೆ.

ಹಾಗೆಂದು ಎಲ್ಲವೂ ಜಾಲತಾಣದಿಂದಲೇ ಪಾರಾಗುವುದಿಲ್ಲ. 2020ರ ನವೆಂಬರ್‌ನಲ್ಲಿ ಆಡಳಿತದ ಪ್ರಶ್ನೆಗಳ ಹಿನ್ನೆಲೆಯಲ್ಲಿ ಟಿ.ವಿ. ಮೋಹನದಾಸ್ ಪೈ ಸೇರಿದಂತೆ ಕೆಲವು ಸ್ವತಂತ್ರ ಟ್ರಸ್ಟಿಗಳು ಇದೇ ಪ್ರತಿಷ್ಠಾನದಿಂದ ಹೊರನಡೆದ ಸಂಗತಿ ಪತ್ರಿಕೆಗಳಲ್ಲಿ ವರದಿಯಾಯಿತು. ಇಂಥ ಸುದ್ದಿ ಯಾವ ಸಂಸ್ಥೆಯ ಬಗೆಗೆ ಬಂದರೂ ದಾನಿಯು ಮೊದಲು ತೆರೆಯುವುದು ಟ್ರಸ್ಟಿಗಳ ಪುಟವನ್ನು. ಅಲ್ಲಿ ಹಳೆಯ ಹೆಸರುಗಳೇ ಉಳಿದಿದ್ದರೆ ಸುದ್ದಿಗಿಂತ ಹೆಚ್ಚಿನ ಹಾನಿಯನ್ನು ಆ ಪುಟವೇ ಮಾಡುತ್ತದೆ.

ಸಣ್ಣ ಟ್ರಸ್ಟ್ ಮಾಡಬಹುದಾದದ್ದು

ಇಷ್ಟು ದೊಡ್ಡ ಸಂಸ್ಥೆಯ ಸಿಬ್ಬಂದಿ ಬಡಾವಣೆಯ ಟ್ರಸ್ಟ್‌ಗೆ ಇರುವುದಿಲ್ಲ, ಬೇಕಾಗಿಯೂ ಇಲ್ಲ. ಕಾರ್ಮಿಕರ ಮಕ್ಕಳಿಗೆ ವಿದ್ಯಾರ್ಥಿವೇತನ ನೀಡುವ ಟ್ರಸ್ಟ್ ಒಂದಕ್ಕೆ ವರ್ಷಕ್ಕೆ 12 ಲಕ್ಷ ರೂಪಾಯಿ ದೇಣಿಗೆ ಬರುತ್ತದೆ ಎಂದಿಟ್ಟುಕೊಳ್ಳೋಣ. ಅದರಲ್ಲಿ 9 ಲಕ್ಷ 60 ಸಾವಿರ ಶುಲ್ಕ ಮತ್ತು ಪುಸ್ತಕಗಳಿಗೆ, 1 ಲಕ್ಷ 44 ಸಾವಿರ ಅರೆಕಾಲಿಕ ಗುಮಾಸ್ತೆಯ ಸಂಬಳಕ್ಕೆ, 36 ಸಾವಿರ ಲೆಕ್ಕಪರಿಶೋಧನೆ ಮತ್ತು ಕಚೇರಿ ಖರ್ಚಿಗೆ ಹೋಗಿ, 60 ಸಾವಿರ ಮುಂದಿನ ವರ್ಷಕ್ಕೆ ಉಳಿಯಿತು. ಈ ನಾಲ್ಕು ಸಾಲುಗಳು ಮುಖಪುಟದಲ್ಲಿಯೇ ಇರಬೇಕು. ಗುಮಾಸ್ತೆಯ ಸಂಬಳವನ್ನು ಬಚ್ಚಿಡುವ ಅಭ್ಯಾಸ ನಮ್ಮ ಸೇವಾಸಂಸ್ಥೆಗಳಲ್ಲಿ ಬಲವಾಗಿದೆ; ‘ಪ್ರತಿಯೊಂದು ಪೈಸೆಯೂ ಮಕ್ಕಳಿಗೇ’ ಎಂದು ಬರೆದುಕೊಳ್ಳುತ್ತಾರೆ. ಸ್ವತಃ ಆಳುಗಳಿಗೆ ಸಂಬಳ ಕೊಡುವ ಮಾಲೀಕನು ಆ ಮಾತನ್ನು ನಂಬುವುದಿಲ್ಲ. ಅಮೆರಿಕದಲ್ಲಿ 2006ರಲ್ಲಿ ಸ್ಥಾಪನೆಯಾದ ‘ಚಾರಿಟಿ: ವಾಟರ್’ ಎಂಬ ಕುಡಿಯುವ ನೀರಿನ ಸಂಸ್ಥೆ ಸಾರ್ವಜನಿಕರ ದೇಣಿಗೆ ಪೂರ್ತಿಯಾಗಿ ಕಾಮಗಾರಿಗೇ ಹೋಗುತ್ತದೆ ಎಂದು ಹೇಳುತ್ತದೆ ನಿಜ, ಆದರೆ ಕಚೇರಿ ವೆಚ್ಚ ಭರಿಸುವ ದಾನಿಗಳ ಗುಂಪೇ ಬೇರೆ ಇದೆ ಎಂಬುದನ್ನೂ ಅದು ಬಹಿರಂಗವಾಗಿಯೇ ತಿಳಿಸುತ್ತದೆ.

ಹಣ ಪಾವತಿಸುವ ಪುಟಕ್ಕೆ ಹೆಚ್ಚಿನ ಎಚ್ಚರಿಕೆ ಬೇಕು. ಬ್ಯಾಂಕ್ ಖಾತೆ ಮತ್ತು ಯುಪಿಐ ಎರಡೂ ಟ್ರಸ್ಟ್‌ನ ನೋಂದಾಯಿತ ಹೆಸರಿನಲ್ಲೇ ಇರಬೇಕು. ಕಾರ್ಯದರ್ಶಿಯ ಸ್ವಂತ ಮೊಬೈಲ್ ಸಂಖ್ಯೆಗೆ ಹಣ ಕಳುಹಿಸಿ ಎಂದರೆ, ಪಾವತಿಯ ವೇಳೆ ಪರದೆಯ ಮೇಲೆ ವ್ಯಕ್ತಿಯ ಹೆಸರು ಮೂಡುತ್ತದೆ. ಅಲ್ಲಿಗೆ ಹತ್ತರಲ್ಲಿ ಐವರು ಹಿಂದೆ ಸರಿದರೂ ಆಶ್ಚರ್ಯವಿಲ್ಲ. ದಾನಿಗಳು ಇನ್ನೊಂದು ಸುಲಭ ಪರೀಕ್ಷೆಯನ್ನು ತಿಳಿದಿರಬೇಕು. ಪ್ಯಾನ್ ಸಂಖ್ಯೆಯ ನಾಲ್ಕನೆಯ ಅಕ್ಷರ ವ್ಯಕ್ತಿಗೆ ‘ಪಿ’, ಟ್ರಸ್ಟ್‌ಗೆ ‘ಟಿ’. ತಾಣದ ವಿಳಾಸಕ್ಕೆ ಭದ್ರತಾ ಪ್ರಮಾಣಪತ್ರ ಇಲ್ಲದಿದ್ದರೆ 2018ರ ಜುಲೈನಿಂದ ಕ್ರೋಮ್ ಬ್ರೌಸರ್ ‘ಸುರಕ್ಷಿತವಲ್ಲ’ ಎಂದು ಎಚ್ಚರಿಸುತ್ತದೆ. ಈ ಪ್ರಮಾಣಪತ್ರ ಉಚಿತವಾಗಿಯೂ ದೊರೆಯುತ್ತದೆ. ಆದ್ದರಿಂದ ಖರ್ಚಿನ ನೆಪಕ್ಕೆ ಎಡೆಯಿಲ್ಲ.

ತೆರಿಗೆಯ ಕಾಗದ

ವರ್ತಕರಿಗೆ ನಿಜವಾದ ನಷ್ಟ ಆಗುವುದು ಇಲ್ಲಿಯೇ. 1961ರ ಆದಾಯ ತೆರಿಗೆ ಕಾಯ್ದೆಯ 80ಜಿ ಕಲಮಿನ ವಿನಾಯಿತಿಗೆ ಹಿಂದೆ ರಸೀದಿಯೊಂದೇ ಸಾಕಾಗುತ್ತಿತ್ತು. 2021–22ನೇ ಹಣಕಾಸು ವರ್ಷದಿಂದ ಸಂಸ್ಥೆಯು ದಾನಿಗಳ ವಿವರವನ್ನು 10ಬಿಡಿ ನಮೂನೆಯಲ್ಲಿ ಮುಂದಿನ ಮೇ 31ರೊಳಗೆ ಇಲಾಖೆಗೆ ಸಲ್ಲಿಸಿ, ದಾನಿಗೆ 10ಬಿಇ ಪ್ರಮಾಣಪತ್ರ ನೀಡಬೇಕೆಂಬ ನಿಯಮ ಬಂದಿತು. ಸಂಸ್ಥೆ ಅದನ್ನು ಸಲ್ಲಿಸದಿದ್ದರೆ ಕೈಯಲ್ಲಿ ರಸೀದಿ ಇದ್ದರೂ ದಾನಿಯ ವಿನಾಯಿತಿಗೆ ತೊಡಕು. ತಡವಾದರೆ ಸಂಸ್ಥೆಗೆ ದಿನಕ್ಕೆ 200 ರೂಪಾಯಿ ಶುಲ್ಕ. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ 2017–18ರಿಂದ ವಿನಾಯಿತಿ ನಿಂತಿತು. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಈ ವಿನಾಯಿತಿಯೇ ಇಲ್ಲ. ಇದನ್ನೂ ಪ್ರಾಮಾಣಿಕವಾಗಿ ಹೇಳುವ ತಾಣಗಳು ವಿರಳ.

ಸಂಸ್ಥೆಗಳ ಅನುಮೋದನೆಗೂ ಅವಧಿ ಇದೆ. 2021ರಲ್ಲಿ ಐದು ವರ್ಷಗಳಿಗೆಂದು ನೀಡಿದ ಅನುಮೋದನೆಗಳು 2026ರ ಮಾರ್ಚ್ ಅಂತ್ಯದವರೆಗಿನವು. ಮೇಲಾಗಿ 2025ರ ಹೊಸ ಆದಾಯ ತೆರಿಗೆ ಕಾಯ್ದೆಗೆ 2026ರ ಏಪ್ರಿಲ್ 1 ಜಾರಿಯ ದಿನ. ಅದರಲ್ಲಿ ಕಲಮುಗಳ ಸಂಖ್ಯೆ ಬೇರೆ. ಹಳೆಯ ಆದೇಶದ ಪ್ರತಿಯನ್ನು ತಾಣದಲ್ಲಿ ನೇತುಹಾಕಿ ಸುಮ್ಮನಿರುವ ಟ್ರಸ್ಟ್‌ಗಳು ದಾನಿಯನ್ನು ದಾರಿ ತಪ್ಪಿಸುತ್ತವೆ. ಅನುಮೋದನೆಯ ಸಂಖ್ಯೆ, ಅದು ಮುಗಿಯುವ ದಿನಾಂಕ, ಪ್ರಮಾಣಪತ್ರ ಕಳುಹಿಸುವ ತಿಂಗಳು, ಇವು ಒಂದೇ ಪೆಟ್ಟಿಗೆಯಲ್ಲಿ ಕಾಣುವಂತಿರಲಿ.

ನಿವ್ವಳ ಲಾಭ 5 ಕೋಟಿ ರೂಪಾಯಿ ತಲುಪಿದ ಕಂಪನಿಗಳಿಗೆ 2013ರ ಕಂಪನಿ ಕಾಯ್ದೆಯ 135ನೇ ಕಲಮು ಅನ್ವಯಿಸುತ್ತದೆ. ಪಶ್ಚಿಮ ಬೆಂಗಳೂರಿನ ಮಧ್ಯಮ ಗಾತ್ರದ ಕೆಲವು ಕಾರ್ಖಾನೆಗಳೂ ಈ ಮಿತಿಗೆ ಬರಬಹುದು. ಅವುಗಳಿಂದ ಹಣ ಪಡೆಯುವ ಸಂಸ್ಥೆಗೆ 2021ರ ಏಪ್ರಿಲ್‌ನಿಂದ ಸಿಎಸ್‌ಆರ್–1 ನೋಂದಣಿ ಕಡ್ಡಾಯವಾಯಿತು. ಆ ಸಂಖ್ಯೆ ತಾಣದಲ್ಲಿದ್ದರೆ ಕಂಪನಿಯ ಲೆಕ್ಕಿಗನಿಗೆ ಎರಡು ಫೋನ್ ಕರೆ ಉಳಿಯುತ್ತದೆ. ಇನ್ನೂ ಮುಂದೆ ಹೋದವರೂ ಇದ್ದಾರೆ. ಬೆಂಗಳೂರಿನ ಎಸ್‌ಜಿಬಿಎಸ್ ಉನ್ನತಿ ಪ್ರತಿಷ್ಠಾನ 2023ರ ಡಿಸೆಂಬರ್‌ನಲ್ಲಿ ಸಾಮಾಜಿಕ ಷೇರು ವಿನಿಮಯ ಕೇಂದ್ರದಲ್ಲಿ ಲಿಸ್ಟ್ ಆದ ದೇಶದ ಮೊದಲ ಸೇವಾಸಂಸ್ಥೆ ಎನಿಸಿತು.

ಚಿತ್ರ ಮತ್ತು ಭಾಷೆ

ಕಣ್ಣೀರಿಡುವ ಮಗುವಿನ ಚಿತ್ರ ಹಾಕಿದರೆ ಹಣ ಬರುತ್ತದೆಂಬ ನಂಬಿಕೆ ಹಳೆಯದು. ಕಾಮಾಕ್ಷಿಪಾಳ್ಯದಲ್ಲಿ ದಾನ ಪಡೆಯುವ ಮಗು ಮತ್ತು ದಾನ ಕೊಡುವ ಮಾಲೀಕ ಒಂದೇ ಬೀದಿಯವರಾಗಿರಬಹುದು. ಮಗುವಿನ ತಂದೆ ಅದೇ ಕಾರ್ಖಾನೆಯಲ್ಲಿ ಪ್ರೆಸ್ ನಡೆಸುವವನಾಗಿರಬಹುದು. ಮುಖ, ಹೆಸರು, ಶಾಲೆ ಮೂರನ್ನೂ ಸೇರಿಸಿ ಪ್ರಕಟಿಸಿದರೆ ಆ ಮನೆಯ ಮಾನ ಬೀದಿಗೆ ಬಂದಂತೆ. ಸಮೀಪದ ಸುಮನಹಳ್ಳಿಯಲ್ಲಿ ಕುಷ್ಠರೋಗದಿಂದ ಗುಣಮುಖರಾದವರಿಗೆ ಚರ್ಮದ ವಸ್ತುಗಳ ತಯಾರಿಕೆಯಂಥ ಕಸುಬುಗಳಲ್ಲಿ ತರಬೇತಿ ನೀಡುವ ಪುನರ್ವಸತಿ ಕೇಂದ್ರವಿದೆ. ಅಂಥ ಕಡೆ ಕೈಕೆಲಸದ ಚಿತ್ರವೊಂದು ರೋಗದ ಚಿತ್ರಕ್ಕಿಂತ ಹೆಚ್ಚನ್ನು ಹೇಳುತ್ತದೆ.

ಭಾಷೆಯ ವಿಷಯದಲ್ಲಿ ನಮ್ಮ ಟ್ರಸ್ಟ್‌ಗಳ ಉದಾಸೀನ ಅರ್ಥವಾಗದಂಥದು. ಸಭೆ ಕನ್ನಡದಲ್ಲಿ, ರಸೀದಿ ಕನ್ನಡದಲ್ಲಿ, ಜಾಲತಾಣ ಮಾತ್ರ ಇಂಗ್ಲಿಷಿನಲ್ಲಿ. ಕನ್ನಡ ಇರುವ ಕೆಲವೆಡೆ ಅದು ಹಳೆಯ ನುಡಿ ಇಲ್ಲವೇ ಬರಹ ಲಿಪಿಯಲ್ಲಿ ಬೆರಳಚ್ಚು ಮಾಡಿ ಚಿತ್ರವಾಗಿ ಅಂಟಿಸಿದ್ದು. ಹುಡುಕಿದರೆ ಸಿಗದು, ಮೊಬೈಲ್‌ನಲ್ಲಿ ಓದಲಾಗದು. ಯೂನಿಕೋಡ್‌ನಲ್ಲಿ ಬರೆದ ಒಂದು ಪುಟ ಕನ್ನಡ ಎಷ್ಟೋ ಕೆಲಸ ಮಾಡುತ್ತದೆ.

ಇಷ್ಟಾದ ಮೇಲೂ ಉಳಿಯುವ ಪ್ರಶ್ನೆ ನಿರ್ವಹಣೆಯದು. ತಾಣ ಕಟ್ಟುವವನಿಗೆ ಒಮ್ಮೆ ಹಣ ಕೊಟ್ಟು ಕೈತೊಳೆದುಕೊಳ್ಳುವ ಬದಲು ಟ್ರಸ್ಟ್‌ನ ಸಭೆಯಲ್ಲಿ ಒಬ್ಬರ ಹೆಸರನ್ನು ನಡಾವಳಿ ಪುಸ್ತಕದಲ್ಲಿ ಬರೆಯುವುದು ಒಳ್ಳೆಯದು. ಏಪ್ರಿಲ್‌ನಲ್ಲಿ ಟ್ರಸ್ಟಿಗಳ ಪಟ್ಟಿ, ಮೇ ತಿಂಗಳಲ್ಲಿ ಪ್ರಮಾಣಪತ್ರಗಳು, ಲೆಕ್ಕಪರಿಶೋಧನೆ ಮುಗಿದ ವಾರದಲ್ಲಿ ಲೆಕ್ಕಪತ್ರ. ತಾಣದ ಹೆಸರು ಮತ್ತು ಗುಪ್ತಪದ ಆ ಸ್ವಯಂಸೇವಕನ ಬಳಿಯಲ್ಲದೆ ಟ್ರಸ್ಟ್‌ನ ಬಳಿಯೂ ಇರಬೇಕು. ಕಚೇರಿಯ ದೂರವಾಣಿ ಸಂಖ್ಯೆಯ ಪಕ್ಕದಲ್ಲಿ ಅದನ್ನು ಎತ್ತುವ ಹೊತ್ತನ್ನೂ ಬರೆದು, ಆ ಹೊತ್ತಿನಲ್ಲಿ ಯಾರಾದರೊಬ್ಬರು ಎತ್ತುವಂತೆ ನೋಡಿಕೊಳ್ಳಬೇಕು. ಹಳೆಯ ರಸೀದಿ ಪುಸ್ತಕ ಮುಗಿದು ಹೊಸದನ್ನು ಅಚ್ಚು ಹಾಕಿಸುವಾಗ ಕ್ರಮಸಂಖ್ಯೆಯ ಕೆಳಗೆ ತಾಣದ ವಿಳಾಸಕ್ಕೊಂದು ಸಾಲು ಬಿಡಿಸಿದರೆ ಮುದ್ರಕರು ಅದಕ್ಕೆ ಬೇರೆ ದರ ಕೇಳುವುದಿಲ್ಲ.